ಸಾಲ ಕೊಟ್ಟೋನು ಹೊರಗೇ ನಿಲ್ಲಲಿ

ಹರಿಹರದ ಓದುಗರೊಬ್ಬರು ಬರೆದಿದಾರೆ: "ಕುರಿ ಕಾಯೋ ಕಾಲದ ಬೈಬಲ್ ಇಟ್ಕೊಂಡು ಲೋನ್ ಆ್ಯಪ್ ಕಾಲದ ಸರಿ-ತಪ್ಪು ಹೇಳೋಕಾಗುತ್ತಾ ಸಂಪಾದಕರೇ? ಅವರವರಿಗೆ ಬೇಕಾದ ವಾಕ್ಯ ಅವರವರು ಎತ್ಕೊಳ್ತಾರೆ, ಅಷ್ಟೆ."

ಸ್ವಾಮಿ, ಕೊನೇ ಮಾತು ಒಪ್ಪಿದೆ. ಅಮೆರಿಕದಲ್ಲಿ ಗುಲಾಮರನ್ನ ಇಟ್ಕೊಂಡೋರು ದಾಸರು ಯಜಮಾನರ ಮಾತು ಕೇಳಬೇಕು ಅನ್ನೋ, ಬೈಬಲಿನಲ್ಲಿರೋ ಎಫೆಸದವರಿಗೆ ಬರೆದ ಪತ್ರನೇ ಗುರಾಣಿ ಮಾಡ್ಕೊಂಡಿದ್ರು, ಅಲ್ಲಿನ ದಕ್ಷಿಣದ ಬ್ಯಾಪ್ಟಿಸ್ಟ್ ಚರ್ಚಿನೋರು 1845ರಲ್ಲಿ ಇದೇ ಜಗಳಕ್ಕೆ ಬೇರೆ ಆದ್ರು, ತಪ್ಪಾಯ್ತು ಅನ್ನೋಕೆ 1995 ಬರಬೇಕಾಯ್ತು. ಸರಿ, ಅದಾಯ್ತು.

ಆದ್ರೆ ಲೋನ್ ವಿಷ್ಯ ನೀವೇ ಎತ್ತಿದ್ರಲ್ಲ, ಸಿಕ್ಕಿಬಿದ್ರಿ! ಅದೇ ಬೈಬಲಿನ ಧರ್ಮೋಪದೇಶಕಾಂಡದ 24ನೇ ಅಧ್ಯಾಯ ತೆಗೀರಿ. ಬೀಸೋ ಕಲ್ಲು ಅಡ ಇಟ್ಕೋಬಾರದು, ಮೇಲಿನ ಕಲ್ಲೊಂದನ್ನೂ ಮುಟ್ಟಬಾರದು, ಅದು ಜೀವನೇ ಅಡ ಇಟ್ಕೊಂಡಂಗೆ. ಬಡವನ ಹೊದಿಕೆ ಇಟ್ಕೊಂಡ್ರೆ ಹೊತ್ತು ಮುಳುಗೋ ಹೊತ್ತಿಗೆ ವಾಪಸ್ ಕೊಡಬೇಕು, ಅವನು ಹೊದ್ದು ಮಲಗಬೇಕಲ್ಲ. ನನಗೆ ಭಾಳ ಹಿಡಿಸಿದ್ದು ಇದು: ಸಾಲ ಕೊಟ್ಟೋನು ಅಡವಿನ ಸಾಮಾನಿಗೆ ಅಂತ ಮನೆಯೊಳಗೆ ನುಗ್ಗಂಗಿಲ್ಲ, ಹೊರಗೇ ನಿಂತಿರಬೇಕು, ತಗೊಂಡೋನೇ ತಂದು ಕೊಡಬೇಕು.

ಮಂಡಕ್ಕಿ ಭಟ್ಟಿ ಕಡೆ ನಮಗೆ ಗೊತ್ತಿರೋ ಹೆಣ್ಮಗಳೊಬ್ಬಳು ಒಂದು ವಾರ ಸಂಘದ ಕಂತು ತಪ್ಪಿಸಿದ್ಲು. ವಸೂಲಿ ಹುಡುಗ್ರು ನಡುಮನೇಲೇ ಕೂತು ರಾತ್ರಿ ಒಂಬತ್ತಾದ್ರೂ ಏಳಲಿಲ್ಲ, ಒಲೆ ಹಚ್ಚಕ್ಕೂ ಬಿಡಲಿಲ್ಲ, ಹೋಗುವಾಗ ಹೊಲಿಗೆ ಮಿಷನ್ ಹೊತ್ಕೊಂಡು ಹೋದ್ರು. ಅದ್ರಲ್ಲಿ ಹೊಲಿದ್ರೆ ತಾನೇ ಆಕೆ ಕಂತು ಕಟ್ಟೋದು? ಬೀಸೋ ಕಲ್ಲು ಅಂದ್ರೆ ಅದೇ ಕಣ್ರಿ. ಇಂಥ ಕಿರುಕುಳಕ್ಕೆ ನಮ್ಮ ಸರ್ಕಾರ ಸುಗ್ರೀವಾಜ್ಞೆ ತಂದಿದ್ದು 2025ರ ಫೆಬ್ರವರೀಲಿ, 10 ವರ್ಷದ ತನಕ ಜೈಲು, 5 ಲಕ್ಷದ ತನಕ ದಂಡ. ನಿಮ್ಮ ಕುರಿ ಕಾಯೋರು ನಮಗಿಂತ ಸ್ವಲ್ಪ ಮುಂಚೆ ಎದ್ದಿದ್ರು ಅಂತ ಕಾಣ್ಸುತ್ತೆ. ಪರದೇಶಿಯವನ ಹತ್ರ ಬಡ್ಡಿ ತಗೋಬಹುದು ಅಂತ ಹಿಂದಿನ ಅಧ್ಯಾಯದಲ್ಲೇ ಐತೆ, ಅದನ್ನ ಹಿಡ್ಕೊಂಡು ಇನ್ನೊಂದು ಪತ್ರ ಹಾಕ್ತೀರಿ ಅಂತ ಗೊತ್ತು, ಹಾಕ್ರಿ.

ನನ್ನ ಸಿಟ್ಟು ನಿಮ್ಮ ಮೇಲಲ್ಲ. ನೀತಿ ಅಂತ ಮೈಕ್ ಹಿಡಿದೋರಿಗೆಲ್ಲ, ಚರ್ಚಾಗ್ಲಿ ಮಠ ಆಗ್ಲಿ, ಹುಡುಗೀರ ಬಟ್ಟೆ, ಯಾರು ಯಾರನ್ನ ಕಟ್ಕೊಂಡ್ರು, ಇಷ್ಟೇ ಕಾಣೋದು. ಬಡ್ಡಿ ಅಂದ ತಕ್ಷಣ ಗಂಟಲು ಕಟ್ಟುತ್ತೆ, ಯಾಕಂದ್ರೆ ಬಡ್ಡಿ ಸಾಹುಕಾರ ಮುಂದಿನ ಸಾಲಲ್ಲೇ ಶಾಲು ಹೊದ್ದು ಕೂತಿರ್ತಾನೆ. ಕೂಲಿಯೋನ ದುಡ್ಡು ಹೊತ್ತು ಮುಳುಗೋದ್ರೊಳಗೆ ಕೊಡು ಅಂತಾನೂ ಅದೇ ಅಧ್ಯಾಯದಲ್ಲಿ ಐತೆ, ಯಾವ ಮೇಸ್ತ್ರಿ ಕೇಳಿದಾನೆ? ಕೊಯ್ಲಾದ ಮೇಲೆ ಹೊಲದಲ್ಲಿ ಉಳಿಯೋ ಹಕ್ಕಲು ಬಡವರಿಗೆ ಬಿಡು ಅಂತಾನೂ ಐತೆ, ಚಳ್ಳಕೆರೆ ಕಡೆ ನಮ್ಮಜ್ಜಿ ಶೇಂಗಾ ಹಕ್ಕಲು ಆಯ್ದೇ ನಮ್ಮಪ್ಪನ್ನ ಸಾಕಿದ್ದು, ಅವಳಿಗೆ ಬೈಬಲ್ ಅಂದ್ರೇನು ಅಂತಾನೇ ಗೊತ್ತಿರಲಿಲ್ಲ.

ಅಂದಂಗೆ, ನಿಮ್ಮ ಚಂದಾ ಮುಗಿದು ಮೂರು ತಿಂಗಳಾಯ್ತು ಅಂತ ಆಫೀಸಿನ ಹುಡುಗ ಹೇಳ್ತಿದ್ದ. ಒಳಗೆ ಬರಲ್ಲ ಬಿಡ್ರಿ, ಹೊರಗೇ ನಿಂತಿರ್ತೀವಿ.

- ಸಂ.