ಮರ ಬೋಳಿಸಿದ್ರೆ ಗಾಳಿ ಭಯ ಹೋಗುತ್ತಾ?

ಪ್ರಶ್ನೆ: ಮೇಡಂ, ನಾವು ತುಮಕೂರಿನ ಸರಸ್ವತಿಪುರಂನಲ್ಲಿರೋದು. ಮನೆ ಕಟ್ಟಿಸಿದ ವರ್ಷ ನಮ್ಮ ಮಾವನವರು ಗೇಟ್ ಪಕ್ಕ ನೆಟ್ಟ ಗುಲ್‌ಮೊಹರ್ ಈಗ ಎರಡಂತಸ್ತು ದಾಟಿ ಹೋಗಿದೆ. ಈ ಸಲ ಭರಣಿ ಮಳೆ ಗಾಳಿಗೆ ಒಂದು ಕೊಂಬೆ ಪಕ್ಕದ ಮನೆಯವರ ಕಾರ್ ಮೇಲೆ ಬಿದ್ದು ಗ್ಲಾಸ್ ಹೋಯ್ತು, ದುಡ್ಡು ಕೊಟ್ವಿ. ಅವರು ಕಡಿಸಿಬಿಡಿ ಅಂತಾರೆ, ಮಾವ ಈಗಿಲ್ಲ ಅದಕ್ಕೆ ಅತ್ತೆ ಮುಟ್ಟಬೇಡಿ ಅಂತಾರೆ, ಮರ ಕಡಿಯೋನು ಬಂದು ಅರ್ಧಕ್ಕೆ ಬೋಳಿಸಿಬಿಟ್ರೆ ಹತ್ತು ವರ್ಷ ಯೋಚನೆ ಇಲ್ಲ ಅಂತಾನೆ. ಯಾರ ಮಾತು ಕೇಳ್ಲಿ?

ಉತ್ತರ: ಮೂರನೇಯವನ ಮಾತಂತೂ ಬೇಡ. ನಾನೇ ಹಿಂದೊಮ್ಮೆ ಮುಂದೆ ನಿಂತು ನಮ್ಮ ಹಳೇ ಮನೆ ಮುಂದಿನ ಮಳೆಮರ ಬೋಳಿಸಿದ್ದೆ, ನೋಡಿದವರೆಲ್ಲ ಬೆಳಕಾಯ್ತು ಅಂದ್ರು. ಎರಡು ಮಳೆಗಾಲದಲ್ಲಿ ಕಡಿದ ಮೋಟಿನ ಸುತ್ತ ಪೊರಕೆ ಕಡ್ಡಿ ಥರ ಚಿಗುರು ಬಂದು ಆಳೆತ್ತರ ಆಯ್ತು, ಮೇಲಿಂದ ನೀರು ಇಳಿದು ಮೋಟು ಒಳಗೊಳಗೇ ಕೊಳೀತಿತ್ತು, ಮುಂದಿನ ಗಾಳಿಗೆ ಆ ಚಿಗುರುಗಳು ನುಗ್ಗೆ ಕೊಂಬೆ ಲಟಕ್ ಅಂದ ಹಾಗೆ ಒಂದೊಂದೇ ಕಿತ್ತು ಬಂದ್ವು. ಮೋಟಿನ ಅಂಚಲ್ಲಿ ಬರೋ ಚಿಗುರಿಗೆ ಒಳಗಿನ ಮರದ ಜೊತೆ ಗಟ್ಟಿ ಬೆಸುಗೆ ಇರಲ್ಲ ನೋಡಿ, ಹಳೇ ಕೊಂಬೆಗಿಂತ ಇದೇ ಡೇಂಜರ್.

ಗುಲ್‌ಮೊಹರ್ ಮಡಗಾಸ್ಕರ್‌ನಿಂದ ಬಂದ ಮರ, ಹೂವಿಗೆ ಚೆಂದ, ಆದ್ರೆ ಕಟ್ಟಿಗೆ ಮೆದು, ಬೇರು ಮೇಲುಮೇಲೇ ಹರಡುತ್ತೆ. ಅದಕ್ಕೆ ಮೊದಲು ಬುಡ ನೋಡಿ. ನಿಮ್ಮ ರಸ್ತೇಲಿ ಚರಂಡಿಗೋ ಪೈಪಿಗೋ ಗುಂಡಿ ತೋಡಿದಾಗ ಒಂದು ಕಡೆ ಬೇರು ಕತ್ತರಿಸಿದ್ರಾ ನೆನಪು ಮಾಡ್ಕೊಳಿ, ಎಷ್ಟೋ ಮರ ಬೀಳೋದು ಈ ಕಾರಣಕ್ಕೆ, ಬೈಗುಳ ಮಾತ್ರ ಗಾಳಿಗೆ. ಮರ ಇತ್ತೀಚೆಗೆ ವಾಲಿದ್ಯಾ, ವಾಲಿದ್ದರ ಎದುರು ಬದಿ ಮಣ್ಣು ಉಬ್ಬಿ ಬಿರುಕು ಬಿಟ್ಟಿದ್ಯಾ, ಬುಡದಲ್ಲಿ ತಟ್ಟೆ ಥರ ಅಣಬೆ ಎದ್ದಿದ್ಯಾ? ಇವುಗಳಲ್ಲಿ ಒಂದಿದ್ರೂ ಕೊಂಬೆ ಸವರಿ ಪ್ರಯೋಜನ ಇಲ್ಲ, ಮರಾನೇ ತೆಗೆಸೋ ಯೋಚನೆ ಮಾಡ್ಬೇಕಾಗುತ್ತೆ. ಕಾಂಡಾನ ಕೊಡಲಿ ಹಿಂಬದಿಯಿಂದ ಹಲಸಿನಹಣ್ಣು ತಟ್ಟೋ ಹಾಗೆ ಸುತ್ತ ತಟ್ಟಿ, ಎಲ್ಲಾದ್ರೂ ಡಬಡಬ ಅಂದ್ರೆ ಒಳಗೆ ಪೊಟರೆ ಇರಬಹುದು.

ಕೊಂಬೆ ಮುರಿದ ಜಾಗಾನೂ ನೋಡಿ. ಎರಡು ದಪ್ಪ ಕವಲು ವಿ ಆಕಾರದಲ್ಲಿ ಅಂಟಿಕೊಂಡು, ನಡುವೆ ತೊಗಟೆ ಒಳಗೇ ಸಿಕ್ಕಿ ಕಪ್ಪಗಿದ್ರೆ ಅದು ಹುಟ್ಟಾ ದುರ್ಬಲ ಸಂದು, ಬೇರೆ ಕಡೆ ಅಂಥದ್ದಿದ್ರೆ ಮುಂದಿನ ಸರದಿ ಅದರದ್ದೇ.

ಬುಡ ಚೆನ್ನಾಗಿದ್ರೆ ಸವರಿಸಿ ಸಾಕು. ಜನವರಿ-ಫೆಬ್ರವರಿಲಿ, ಎಲೆ ಉದುರೋ ಹೊತ್ತಲ್ಲಿ ಮಾಡಿಸಿದ್ರೆ ಅಶ್ವಿನಿ ಮಳೆ ಬರೋ ಏಪ್ರಿಲ್‌ಗೆ ಮರ ರೆಡಿ. ಒಣಗಿದ್ದು, ಒಂದಕ್ಕೊಂದು ಉಜ್ಜೋದು, ಪಕ್ಕದ ಮನೆ ಕಡೆ ತುಂಬಾ ಚಾಚಿದ್ದು ಇಷ್ಟೇ, ಒಟ್ಟು ಹಸಿರಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಬೇಡ. ಒಳಗಿನ ರೆಂಬೆಗಳನ್ನೆಲ್ಲ ಬಳಿದು ತುದೀಲಿ ಮಾತ್ರ ಸೊಪ್ಪು ಬಿಡಿಸ್ಬೇಡಿ, ಗಾಳಿಗೆ ತೂಗಾಡೋದು ಆಗ ಇನ್ನೂ ಜಾಸ್ತಿ. ದಪ್ಪ ಕೊಂಬೆ ಆದ್ರೆ ಕಾಂಡದಿಂದ ಒಂದಡಿ ಈಚೆ ಕೆಳಗಿಂದ ಸ್ವಲ್ಪ ಕೊಯ್ದು, ಅದಕ್ಕಿಂತ ಆಚೆ ಮೇಲಿಂದ ಕತ್ತರಿಸಬೇಕು, ಇಲ್ಲದಿದ್ರೆ ತೊಗಟೆ ಕಾಂಡದುದ್ದಕ್ಕೂ ಸಿಗಿದು ಬರುತ್ತೆ. ಕೊನೇಲಿ ಉಳಿದ ಮೋಟು ತೆಗೀವಾಗ ಕೊಂಬೆ ಬುಡದ ಉಬ್ಬಿದ ಕೊರಳು ಹಾಗೇ ಉಳೀಲಿ, ಗಾಯ ಮುಚ್ಚೋದು ಅಲ್ಲಿಂದಲೇ. ಪೇಂಟು, ಟಾರು ಏನೂ ಬೇಡ.

ಇನ್ನೊಂದು, ಕಡಿಸೋದೇ ಅಂತಾದ್ರೆ ಮರ ನಿಮ್ಮ ಕಾಂಪೌಂಡ್ ಒಳಗಿದ್ರೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ಅರಣ್ಯ ಇಲಾಖೆಯ ವೃಕ್ಷಾಧಿಕಾರಿಗೆ ಅರ್ಜಿ ಕೊಟ್ಟು ಪರ್ಮಿಷನ್ ತಗೊಳಿ. ಅತ್ತೆಯವರ ಪರ್ಮಿಷನ್ ಅದಕ್ಕಿಂತ ಕಷ್ಟ ಅನ್ಸುತ್ತೆ.

ಪ್ರಶ್ನೆ: ಕ್ಯಾತ್ಸಂದ್ರದಲ್ಲಿ ನಮ್ಮನೆ. ಬೇವಿನ ಮರದ ಬೇರು ಅಂಗಳದ ಟೈಲ್ಸ್ ಎಬ್ಬಿಸ್ತಿದೆ. ಬೇರು ಕಡಿದು ಬುಡದವರೆಗೂ ಸಿಮೆಂಟ್ ಹಾಕಿಸ್ಲಾ?

ಉತ್ತರ: ಅಯ್ಯೋ, ಬೇಡ ಮಾರಾಯ್ರೆ. ನೀರು, ಉಸಿರು ತಗೊಳೋ ಸಣ್ಣ ಬೇರೆಲ್ಲ ಮೇಲಿನ ಎರಡಡಿ ಮಣ್ಣಲ್ಲೇ ಜಾಸ್ತಿ ಇರೋದು, ಕೊಂಬೆ ನೆರಳಿನ ಆಚೆಗೂ ಹೋಗಿರುತ್ತೆ. ಬುಡದ ಹತ್ರದ ದಪ್ಪ ಬೇರು ಕಡಿದ್ರೆ ಗುಡಾರದ ಹಗ್ಗ ಬಿಚ್ಚಿದ ಹಾಗೆ. 2013ರಲ್ಲಿ ದಿಲ್ಲಿ ಮರಗಳ ವಿಷಯದಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಬುಡದ ಸುತ್ತ ಒಂದು ಮೀಟರ್ ಕಾಂಕ್ರೀಟ್ ತೆಗೀರಿ ಅಂತ ಆದೇಶ ಮಾಡಿತ್ತು, ನೀವೂ ಅಷ್ಟು ಜಾಗದ ಟೈಲ್ಸ್ ಕಿತ್ತು ಪಾತಿ ಮಾಡಿ, ಒಣ ಎಲೆ ಹರಡಿ. ಎಲೇನ ಕಾಂಡಕ್ಕೆ ತಾಗಿಸಿ ಗುಡ್ಡೆ ಹಾಕ್ಬೇಡಿ, ತೊಗಟೆ ಕೊಳೆಯುತ್ತೆ.

ಪ್ರಶ್ನೆ: ಅಶ್ವತ್ಥ ಮರ, ದೇವರಿದ್ದಾನೆ, ಬೀಳಲ್ಲ ಅಂತಾರೆ ನಮ್ಮಮ್ಮ. ಹೌದಾ? (ಚಿಕ್ಕಬಳ್ಳಾಪುರದಿಂದ)

ಉತ್ತರ: ನಿಮ್ಮ ಜಿಲ್ಲೆಯ ವಿದುರಾಶ್ವತ್ಥದ ಮರಾನೇ 2001ರಲ್ಲಿ ಬಿತ್ತಲ್ವಾ. ಅಮ್ಮ ಪೂಜೆ ಮಾಡ್ಲಿ, ಪ್ರದಕ್ಷಿಣೆ ಹಾಕುವಾಗ ನೀವು ಬುಡ ನೋಡ್ಕೊಂಡು ಹಾಕಿ.

ಪ್ರಶ್ನೆ: ಗಾಳಿಗೆ ಹೊಂಗೆ ಕೊಂಬೆ ಕರೆಂಟ್ ವೈರ್ ಮೇಲೆ ನೇತಾಡ್ತಿತ್ತು, ಮಗ ಒಣ ಬಿದಿರು ಗಳದಿಂದ ತಳ್ಳಿದ. ಒಣಗಿದ್ದು ತಾನೇ, ಪರವಾಗಿಲ್ವಾ?

ಉತ್ತರ: ಮಳೆ ಬಂದ ಮೇಲೆ ಯಾವ ಗಳಾನೂ ಒಣಗಿರಲ್ಲ, ಈ ಸಲ ಬಚಾವಾದ ಅಷ್ಟೇ. ಹಸಿ ಕೊಂಬೇಲೂ ಕರೆಂಟ್ ಹರಿಯುತ್ತೆ. ವೈರ್ ತುಂಡಾಗಿ ಬಿದ್ದಿದ್ರೆ ಸುತ್ತಲ ನೆಲದಲ್ಲೂ ಹರಿದಿರುತ್ತೆ, ಮೂವತ್ತಡಿ ದೂರ ನಿಂತು, ಬೀದಿ ಮಕ್ಕಳನ್ನೂ ದನಗಳನ್ನೂ ಆಚೆ ಓಡಿಸಿ, 1912ಕ್ಕೆ ಬೆಸ್ಕಾಂಗೆ ಫೋನ್ ಮಾಡಿ. ಅವರು ಲೈನ್ ಆಫ್ ಮಾಡಿದ್ದೀವಿ ಅಂತ ಹೇಳೋವರೆಗೂ, ಮನೇಲಿ ಕರೆಂಟ್ ಹೋಗಿದ್ರೂ ಕೂಡ, ಮಗನ ಕೈಗೆ ಆ ಗಳ ಸಿಗದ ಹಾಗೆ ನೋಡ್ಕೊಳಿ.