ದಿನಾ ರೀಲ್ಸ್ ಹಾಕದೆ ಕೈಕೆಲಸ ಮಾರಿ ಬದುಕಬಹುದಾ?

ನಿಮ್ಮ ಪ್ರಶ್ನೆ ಓದಿದೆ. ನೌಕರಿ ಬಿಟ್ಟು ಒಬ್ಬರೇ ಕ್ರೋಶಾ ಹೆಣೆದು ಆನ್‌ಲೈನ್‌ನಲ್ಲಿ ಮಾರಬೇಕು ಅಂತಿದ್ದೀರಿ. ಆದರೆ ದಿನಾ ರೀಲ್ಸ್ ಹಾಕುತ್ತಾ, ರಾತ್ರಿ ಹನ್ನೆರಡಕ್ಕೂ ಮೆಸೇಜಿಗೆ ಉತ್ತರ ಕೊಡುತ್ತಾ ಇರುವವರನ್ನು ನೋಡಿದರೇ ಸುಸ್ತಾಗುತ್ತದೆ, ನೆಮ್ಮದಿಯಾಗಿ ನಡೆಸುವ ದಾರಿ ಇದೆಯಾ ಅಂತ ಕೇಳಿದ್ದೀರಿ.

ಇದೆ. ಆದರೆ ನನಗೆ ಅದು ಸಿಕ್ಕಿದ್ದು ಎರಡು ವರ್ಷ ಒದ್ದಾಡಿದ ಮೇಲೆ.

ನಾನು ಧಾರವಾಡದವಳು. ಕಸೂತಿ ಹಾಕುತ್ತೇನೆ, ಕಲಿಸುತ್ತೇನೆ. ಏಳು ವರ್ಷವಾಯಿತು, ಒಬ್ಬಳೇ. ಮೊದಲ ವರ್ಷ ಯಾರು ಕೇಳಿದರೂ ಹೂಂ ಅಂದುಬಿಡುತ್ತಿದ್ದೆ. ಇಳಕಲ್ ಸೀರೆಗೆ ಗೋಪುರ ಬೇಕಾ, ಹೂಂ. ರವಿಕೆಯ ತೋಳಿಗೆ ಆನೆ ಸಾಲು ಬೇಕಾ, ಹೂಂ. ತುಳಸಿ ಲಗ್ನ ಮುಗಿದು ಮದುವೆ ಸುಗ್ಗಿ ಶುರುವಾದಾಗ ಒಂದೇ ತಿಂಗಳಿಗೆ ಒಂಬತ್ತು ರವಿಕೆ ಒಪ್ಪಿಕೊಂಡಿದ್ದೆ. ಒಂದಕ್ಕೆ 2,500 ರೂಪಾಯಿ. ಬಹಳ ದುಡ್ಡು ಬಂತು ಅಂತ ಖುಷಿಪಟ್ಟಿದ್ದೆ. ಆರನೆಯದು ಮುಗಿಯುವಷ್ಟರಲ್ಲಿ ಕಣ್ಣು ಕೆಂಪಾಗಿ, ಕತ್ತು ಹಿಡಿದುಕೊಂಡು ಕೂತುಬಿಟ್ಟೆ. ಇಬ್ಬರಿಗೆ ಮುಂಗಡ ವಾಪಸ್ ಕೊಟ್ಟೆ. ಒಬ್ಬಾಕೆಯ ರವಿಕೆ ಮದುವೆಯ ಹಿಂದಿನ ರಾತ್ರಿ ತಲುಪಿತು. ಆಕೆ ಏನೂ ಅನ್ನಲಿಲ್ಲ, ಅದೇ ಹೆಚ್ಚು ಚುಚ್ಚಿತು.

ಕಸೂತಿಯಲ್ಲಿ ಗವಂತಿ ಅಂತ ಒಂದು ಹೊಲಿಗೆ ಇದೆ. ಬಟ್ಟೆಯ ಮೇಲೆ ಪೆನ್ಸಿಲ್ ಗೆರೆ ಹಾಕುವುದಿಲ್ಲ, ಎಳೆ ಎಣಿಸಿಕೊಂಡೇ ಹೋಗಬೇಕು. ಹೋಗುವಾಗ ಒಂದು ಬಿಟ್ಟು ಒಂದು ಹಾಕಿ, ಬರುವಾಗ ಬಿಟ್ಟಿದ್ದನ್ನು ತುಂಬುತ್ತಾ ಬರುವುದು. ಒಂದೇ ಒಂದು ಎಳೆ ತಪ್ಪಿ ಎಣಿಸಿದರೂ ಅಲ್ಲೇ ಗೊತ್ತಾಗುವುದಿಲ್ಲ. ಸುತ್ತು ಹಾಕಿ ವಾಪಸ್ ಬಂದಾಗ ಗೆರೆ ಕೂಡುವುದಿಲ್ಲ. ಅಷ್ಟೊತ್ತಿಗೆ ಅರ್ಧ ದಿನ ಹೋಗಿರುತ್ತದೆ. ಎಳೆ ಎಣಿಸುವುದರಲ್ಲಿ ಹುಷಾರಿದ್ದ ನಾನು ಗಂಟೆ ಎಣಿಸಿಯೇ ಇರಲಿಲ್ಲ.

ಆಮೇಲೆ ಕೂತು ಎಣಿಸಿದೆ. ಒಂದು ರವಿಕೆಗೆ, ತೋಳು ಮತ್ತು ಬೆನ್ನು ಸೇರಿ, 32 ಗಂಟೆ. ಒಂಬತ್ತಕ್ಕೆ 288. ಅಂದರೆ ತಿಂಗಳಿಡೀ ರಜೆ ಇಲ್ಲದೆ ದಿನಕ್ಕೆ ಒಂಬತ್ತೂವರೆ ಗಂಟೆಗೂ ಜಾಸ್ತಿ ಸೂಜಿ ಹಿಡಿದಿರಬೇಕಿತ್ತು. ದಾರ, ಪಾರ್ಸೆಲ್ ಅಂತ 300 ಕಳೆದರೆ ನನ್ನ ಗಂಟೆಗೆ ಸಿಕ್ಕಿದ್ದು 69 ರೂಪಾಯಿ. ನನ್ನ ಕಣ್ಣು ದಿನಕ್ಕೆ ನಾಲ್ಕು ಗಂಟೆ ಚೆನ್ನಾಗಿ ಕೆಲಸ ಮಾಡುತ್ತದೆ, ಐದನೆಯ ಗಂಟೆಯಲ್ಲಿ ಹಾಕಿದ್ದನ್ನು ಮರುದಿನ ಬಿಚ್ಚಬೇಕಾಗುತ್ತದೆ. ಇದು ಗೊತ್ತಿದ್ದರೂ ಒಪ್ಪಿಕೊಂಡಿರಲಿಲ್ಲ. ನಾಲ್ಕು ಗಂಟೆ, 24 ದಿನ, ಒಟ್ಟು 96. ಬೇರೆ ಏನೂ ಮಾಡದಿದ್ದರೆ ತಿಂಗಳಿಗೆ ಮೂರು ರವಿಕೆ. ಅಷ್ಟೇ ನನ್ನ ಅಂಗಡಿ.

ನೀವೂ ಮೊದಲು ಇದನ್ನೇ ಮಾಡಿ. ಲೋಗೊ, ಹೆಸರು, ವೆಬ್‌ಸೈಟ್ ಎಲ್ಲ ಆಮೇಲೆ. ಒಂದು ವಸ್ತು ಹೆಣೆಯಲು ಶುರು ಮಾಡಿದಾಗ ಗಡಿಯಾರ ನೋಡಿ ಬರೆದಿಡಿ. ತುದಿ ಮುಚ್ಚುವುದು, ತೊಳೆದು ಒಣಗಿಸುವುದು, ಫೋಟೋ, ಪ್ಯಾಕಿಂಗ್, ಪೋಸ್ಟಾಫೀಸಿನ ಸಾಲು, ಎಲ್ಲ ಸೇರಿಸಿ. ಬೆಲೆ ಅಲ್ಲಿಂದ ಬರಬೇಕು. ಪಕ್ಕದವರು ಎಷ್ಟಕ್ಕೆ ಮಾರುತ್ತಾರೆ ಅಂತ ನೋಡಿ ಇಟ್ಟ ಬೆಲೆ ನಿಮ್ಮನ್ನು ರಾತ್ರಿ ಕೂರಿಸುತ್ತದೆ.

ನಾನು ರವಿಕೆಯ ಬೆಲೆ 6,500ಕ್ಕೆ ಏರಿಸಿದೆ. ಹಳೆಯ ಗಿರಾಕಿಗಳಲ್ಲಿ ಅರ್ಧಕ್ಕರ್ಧ ಹೋದರು. ಕಂಪ್ಯೂಟರ್ ಎಂಬ್ರಾಯ್ಡರಿಯಲ್ಲಿ ಅದೇ ಗೋಪುರ ಇದರ ಕಾಲು ಬೆಲೆಗೆ ಸಿಗುತ್ತದೆ ಅಂದರು. ಸಿಗುತ್ತದೆ, ಸುಳ್ಳಲ್ಲ. ಅವರ ಜೊತೆ ವಾದಕ್ಕೆ ಹೋಗಲಿಲ್ಲ. ಒಂದು ದಿನ ಸುಮ್ನೆ ರವಿಕೆಯನ್ನು ತಿರುವಿ ಹಾಕಿ ಒಳಮೈಯ ಫೋಟೋ ತೆಗೆದು ಹಾಕಿದೆ. ಗವಂತಿ, ಮುರ್ಗಿ ಅನ್ನುವ ಅಂಕುಡೊಂಕು ಹೊಲಿಗೆ, ಎರಡೂ ಹಿಂದೆ ಮುಂದೆ ಒಂದೇ ಥರ ಕಾಣುತ್ತವೆ, ಗಂಟು ಹಾಕುವುದೇ ಇಲ್ಲ. ಮಷೀನಿನ ಕೆಲಸದ ಹಿಂಬದಿ ಹೇಗಿರುತ್ತದೆ ಅಂತ ಎಲ್ಲರ ಮನೆಯ ಕಪಾಟಿನಲ್ಲೇ ಇದೆಯಲ್ವಾ, ತೆಗೆದು ನೋಡಿಕೊಂಡರು. ಆ ಒಂದು ಫೋಟೋ ತಂದಷ್ಟು ಆರ್ಡರನ್ನು ನಾನು ಕುಣಿದು ಕುಪ್ಪಳಿಸಿ ಮಾಡಿದ ಯಾವ ರೀಲೂ ತರಲಿಲ್ಲ. ನಿಮ್ಮ ಕ್ರೋಶಾದಲ್ಲೂ ಹೀಗೆ ಕಣ್ಣಿಗೆ ಕಾಣುವ ಒಂದು ಗುಟ್ಟು ಇರುತ್ತದೆ. ಕ್ರೋಶಾವನ್ನು ಪೂರ್ತಿಯಾಗಿ ಹೆಣೆಯುವ ಯಂತ್ರ ಇನ್ನೂ ಮಾರುಕಟ್ಟೆಯಲ್ಲಿ ಇಲ್ಲ, ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಟಾಪ್ ಕೂಡ ನಿಜವಾದ ಕ್ರೋಶಾ ಆಗಿದ್ದರೆ ಯಾರೋ ಕೈಯಲ್ಲಿ ಹೆಣೆದದ್ದು. ಇದು ನಿಮ್ಮ ಗಿರಾಕಿಗಳಲ್ಲಿ ಎಷ್ಟು ಜನಕ್ಕೆ ಗೊತ್ತು?

ಆದರೆ ಬರೀ ಕೈಕೆಲಸದಿಂದ ಮನೆ ನಡೆಯಲ್ಲ, ಇದನ್ನು ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ಈಗ ತಿಂಗಳಿಗೆ ಎರಡೇ ರವಿಕೆ, 13,000. ಹನ್ನೆರಡು ಜನರ ಒಂದು ಆನ್‌ಲೈನ್ ತರಗತಿ, ತಲಾ 1,500, ಅಲ್ಲಿಗೆ 18,000. ಮೂರನೆಯದು ನಕ್ಷೆ. ಎಳೆ ಎಣಿಸಿ ಹಾಕುವ ಕೆಲಸವಾದ್ದರಿಂದ ಕಸೂತಿಯನ್ನು ಗ್ರಾಫ್ ಹಾಳೆಯ ಮೇಲೆ ಪೂರ್ತಿ ಇಳಿಸಬಹುದು. ರಥ, ತುಳಸಿಕಟ್ಟೆ, ನವಿಲು ಹೀಗೆ ಒಂದೊಂದನ್ನೂ ಪಿಡಿಎಫ್ ಮಾಡಿ 180 ರೂಪಾಯಿಗೆ ಇಟ್ಟಿದ್ದೇನೆ. ತಿಂಗಳಿಗೆ 45ರ ಆಸುಪಾಸು ಹೋಗುತ್ತವೆ. ಒಟ್ಟು 39,000 ಬಂದು ಖರ್ಚು ಕಳೆದು 34, 35 ಸಾವಿರ ಕೈಗೆ ಸಿಗುತ್ತದೆ. ದೊಡ್ಡ ಮೊತ್ತ ಅಲ್ಲ. ಸ್ವಂತ ಮನೆ ಇದೆ, ಗಂಡನ ಸಂಬಳ ಇದೆ, ಅದಕ್ಕೇ ಸಾಕಾಗುತ್ತದೆ. ಬೆಂಗಳೂರಿನಲ್ಲಿ ಬಾಡಿಗೆ ಕಟ್ಟುವವರಾದರೆ ನಿಮ್ಮ ಲೆಕ್ಕ ಬೇರೆ.

ನಕ್ಷೆ ಕದಿಯುತ್ತಾರೆ. ಒಬ್ಬರು ಕೊಂಡು ಇಡೀ ವಾಟ್ಸಾಪ್ ಗುಂಪಿಗೆ ಹಂಚಿದ್ದರು. ಎರಡು ದಿನ ಕುದಿದೆ. ಆಮೇಲೆ ಆ ಗುಂಪಿನಿಂದಲೇ ಮೂವರು ತರಗತಿಗೆ ಸೇರಿದರು. ಈಗ ಪ್ರತಿ ಹಾಳೆಯ ಕೆಳಗೆ ನನ್ನ ನಂಬರ್ ಇರುತ್ತದೆ, ಕದ್ದವರಿಗೂ ಸಿಗಲಿ ಅಂತ.

ಮೆಸೇಜಿನ ವಿಷಯ. ವಾಟ್ಸಾಪ್ ಬಿಸಿನೆಸ್‌ನಲ್ಲಿ ತಾನಾಗಿಯೇ ಹೋಗುವ ಉತ್ತರ ಇಡಬಹುದು. ನನ್ನದು ಹೀಗಿದೆ: "ಸಂಜೆ 4ರಿಂದ 5ರವರೆಗೆ ಉತ್ತರ ಕೊಡುತ್ತೇನೆ. ಈಗ ಆರ್ಡರ್ ಕೊಟ್ಟರೆ ಸಿಗುವುದು ಇಂಥ ತಿಂಗಳು." ಆ ತಿಂಗಳ ಹೆಸರನ್ನು ಮಾತ್ರ ಬದಲಿಸುತ್ತಿರುತ್ತೇನೆ. ಕಾಯಬೇಕು ಅಂದರೆ ಜನ ಓಡಿಹೋಗುತ್ತಾರೆ ಅಂತ ಹೆದರಿದ್ದೆ. ಕೆಲವರು ಹೋದರು. ಕಾದವರು ಬೆಲೆ ಕೇಳಿ ಚೌಕಾಸಿ ಮಾಡುವವರಲ್ಲ.

ಇನ್‌ಸ್ಟಾಗ್ರಾಮ್ ಬಿಟ್ಟಿಲ್ಲ, ವಾರಕ್ಕೊಂದು ಫೋಟೋ. ಆದರೆ ಅದನ್ನೇ ನೆಚ್ಚಿಕೊಂಡಿಲ್ಲ. 2020ರ ಜೂನ್ 29ರಂದು ಟಿಕ್‌ಟಾಕ್ ನಿಷೇಧವಾದಾಗ ಲಕ್ಷಗಟ್ಟಲೆ ಹಿಂಬಾಲಕರಿದ್ದವರಿಗೂ ಮರುದಿನ ಯಾರನ್ನೂ ಮಾತಾಡಿಸಲು ದಾರಿ ಇರಲಿಲ್ಲ. ಅದಕ್ಕೇ ಕೊಂಡವರ, ಕಲಿತವರ ಹೆಸರು, ನಂಬರ್, ಊರು ಒಂದು ಶೀಟಿನಲ್ಲಿ ಬರೆದಿಡುತ್ತೇನೆ, ಅವರನ್ನು ಕೇಳಿಯೇ. ತಿಂಗಳಿಗೊಮ್ಮೆ ವಾಟ್ಸಾಪ್‌ನಲ್ಲಿ ಒಂದು ಬ್ರಾಡ್‌ಕಾಸ್ಟ್, ಅಂದರೆ ಪಟ್ಟಿಯಲ್ಲಿರುವ ಎಲ್ಲರಿಗೂ ಒಟ್ಟಿಗೆ ಹೋಗುವ ಮೆಸೇಜ್. ಒಂದು ಪಟ್ಟಿಗೆ 256 ಜನರ ಮಿತಿ ಇದೆ, ನನ್ನ ಎರಡನೆಯ ಪಟ್ಟಿ ಇನ್ನೂ ತುಂಬಿಲ್ಲ. ಆ ನಾನೂರು ಚಿಲ್ಲರೆ ಜನರೇ ನನ್ನ ವ್ಯಾಪಾರದ ಮುಕ್ಕಾಲು ಪಾಲು. ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಬ್ರಾಡ್‌ಕಾಸ್ಟ್ ಹೋಗುತ್ತದೆ, ಪಾರ್ಸೆಲ್ ಜೊತೆ ಒಂದು ಚೀಟಿಯಲ್ಲಿ ಹೇಳಿಬಿಡಿ.

ವರ್ಷದ ಲೆಕ್ಕವನ್ನು ನಾನು ಪಂಚಾಂಗ ನೋಡಿಯೇ ಹಾಕುವುದು. ಆಷಾಢದಲ್ಲಿ ಮದುವೆ ಇಲ್ಲ, ಆರ್ಡರೂ ಇಲ್ಲ. ಮೊದಲು ಆ ತಿಂಗಳು ಬಂದರೆ ಎದೆ ಡವಡವ ಅನ್ನುತ್ತಿತ್ತು. ಈಗ ಹೊಸ ನಕ್ಷೆ ಬರೆಯುವುದೆಲ್ಲ ಆಗಲೇ. ಹಳೆಯ ಸೀರೆ ಇಟ್ಟುಕೊಂಡಿರುವ ಅಜ್ಜಿಯರ ಮನೆಗೆ ಹೋಗಿ ಕಸೂತಿ ಹಾಕಿದ ಕಪ್ಪು ಚಂದ್ರಕಳಿ ಸೀರೆಯ ಸೆರಗಿನ ಮುಂದೆ ಕೂತು ಎಳೆ ಎಣಿಸಿ ಬರೆದುಕೊಳ್ಳುತ್ತೇನೆ. ಪಂಚಮಿ ಹಬ್ಬಕ್ಕೆ ಒಂದು ವಾರ ಅಂಗಡಿ ಬಂದ್. ಉಂಡಿ ಕಟ್ಟಬೇಕು, ಜೋಕಾಲಿ ಆಡಬೇಕು. ಇದನ್ನು ಜೂನ್‌ನಲ್ಲೇ ಎಲ್ಲರಿಗೂ ತಿಳಿಸಿರುತ್ತೇನೆ.

ತೆರಿಗೆ ಬಗ್ಗೆ ಎರಡೇ ಮಾತು. ಕರ್ನಾಟಕದಲ್ಲಿ ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ ವಹಿವಾಟು ದಾಟುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಡ. ಆದರೆ ಬೇರೆ ರಾಜ್ಯಕ್ಕೆ ಸರಕು ಕಳಿಸಿದರೆ ನಿಯಮ ಬೇರೆ. ಕರಕುಶಲ ವಸ್ತುಗಳ ಪಟ್ಟಿಗೆ ಅದರಲ್ಲಿ ರಿಯಾಯಿತಿ ಇದೆ, ನಿಮ್ಮ ವಸ್ತು ಆ ಪಟ್ಟಿಯಲ್ಲಿ ಬರುತ್ತದಾ ಅಂತ ಒಬ್ಬ ಆಡಿಟರ್‌ಗೆ ದುಡ್ಡು ಕೊಟ್ಟೇ ಕೇಳಿ. ವ್ಯಾಪಾರದ ದುಡ್ಡಿಗೆ ಬೇರೆ ಬ್ಯಾಂಕ್ ಖಾತೆ ಮೊದಲ ದಿನವೇ ಮಾಡಿ. ನಾನು ಮಾಡದೆ, ಮಾರ್ಚ್ ಬಂತೆಂದರೆ ತರಕಾರಿ ಲೆಕ್ಕದ ನಡುವೆ ದಾರದ ಲೆಕ್ಕ ಹುಡುಕುತ್ತಿದ್ದೆ.

ನೌಕರಿ ಈಗಲೇ ಬಿಡಬೇಡಿ. ವಾರಕ್ಕೆ ಎಂಟು ಗಂಟೆ ಇದಕ್ಕೆ ಅಂತ ಎತ್ತಿಟ್ಟು ಒಂದು ವರ್ಷ ನಡೆಸಿ, ಒಂದು ಮದುವೆ ಸುಗ್ಗಿ, ಒಂದು ಆಷಾಢ ಎರಡೂ ನೋಡಿ. ಸಂಬಳ ಬರುತ್ತಿರುವಾಗ ಕೆಟ್ಟ ಆರ್ಡರಿಗೆ ಬೇಡ ಅನ್ನುವುದು ಸುಲಭ. ಆ ರೂಢಿ ಆಗಲೇ ಆಗಬೇಕು, ಕೈ ಖಾಲಿ ಇದ್ದಾಗ ಬಾಯಲ್ಲಿ ಬೇಡ ಬರುವುದಿಲ್ಲ.

ನೀವು ಹೆಚ್ಚಾಗಿ ಏನು ಹೆಣೆಯುತ್ತೀರಿ ಅಂತ ಬರೆದಿಲ್ಲ. ಮಗುವಿನ ಟೋಪಿನಾ, ಟೇಬಲ್ ಹೊದಿಕೆನಾ? ಒಂದಕ್ಕೆ ಎಷ್ಟು ಗಂಟೆ, ಎಷ್ಟು ರೂಪಾಯಿಯ ನೂಲು ಅಂತ ಇಲ್ಲೇ ಕೆಳಗೆ ಹಾಕಿ. ಸಂಜೆ ನಾಲ್ಕರ ಮೇಲೆ ನೋಡಿ ಬೆಲೆ ಲೆಕ್ಕ ಮಾಡಿ ಹೇಳುತ್ತೇನೆ.