ಪುಸ್ತಕ ಓದಿ ವರ್ಡ್ ಮ್ಯಾಕ್ರೋ ಕಲಿಯಬಹುದಾ? ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ವರ್ಡ್ ಮ್ಯಾಕ್ರೋ, ಅಂದರೆ ವರ್ಡಿನಲ್ಲಿ ಪದೇಪದೇ ಮಾಡುವ ಕೆಲಸವನ್ನು ತಾನಾಗಿ ಮಾಡಿಸುವ ಸಣ್ಣ ಪ್ರೋಗ್ರಾಂ, ಕಲಿಯೋಣ ಅಂತ ಒಂದು ದಪ್ಪ ಪುಸ್ತಕ ಓದುತ್ತಿದ್ದೇನೆ. ವೇರಿಯಬಲ್ (ಬೆಲೆ ಇಟ್ಟುಕೊಳ್ಳುವ ಹೆಸರು), ಇಫ್ (ಷರತ್ತು), ಲೂಪ್ (ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವುದು) ಎಲ್ಲ ಅರ್ಥವಾಗಿದೆ. ಪುಸ್ತಕದ ಉದಾಹರಣೆಗಳನ್ನು ಟೈಪ್ ಮಾಡಿದರೆ ಸರಿಯಾಗಿ ಓಡುತ್ತವೆ. ಆದರೆ ನನ್ನ ಸ್ವಂತ ಕೆಲಸಕ್ಕೆ ಬರೆಯಲು ಕೂತರೆ ಮೊದಲ ಸಾಲೇ ಹೊಳೆಯುವುದಿಲ್ಲ. ಬೇರೆಯವರು ಕಳಿಸಿದ ಫೈಲುಗಳಲ್ಲಿ ಜಾಸ್ತಿ ಸ್ಪೇಸ್, ಖಾಲಿ ಪ್ಯಾರಾ ತೆಗೆದು ಸರಿಮಾಡುವುದು ನನ್ನ ಕೆಲಸ. ನಾನು ಎಲ್ಲಿ ಎಡವುತ್ತಿದ್ದೇನೆ?

ಉತ್ತರ: ನೀವು ಕಲಿತದ್ದು ಮ್ಯಾಕ್ರೋ ಬರೆಯುವ ವಿಬಿಎ ಭಾಷೆ. ಕಲಿಯಬೇಕಾದದ್ದು ಇನ್ನೊಂದಿದೆ. ವರ್ಡ್ ತನ್ನ ಡಾಕ್ಯುಮೆಂಟನ್ನು ಒಳಗಡೆ ಹೇಗೆ ನೋಡುತ್ತದೆ ಅನ್ನುವುದು. ಇಫ್ ಮತ್ತು ಲೂಪ್ ಎಕ್ಸೆಲ್‌ನಲ್ಲೂ ಅವೇ. ಆದರೆ ಪ್ಯಾರಾ, ರೇಂಜ್ (ಡಾಕ್ಯುಮೆಂಟಿನ ಯಾವುದೋ ಒಂದು ಭಾಗ), ಫೈಂಡ್ ಇವು ವರ್ಡಿನ ರೀತಿಯವು. ಬಹಳಷ್ಟು ಪುಸ್ತಕಗಳಲ್ಲಿ ಇವು ನಡುವಿನ ಅಧ್ಯಾಯಗಳಲ್ಲಿ ಬರುತ್ತವೆ, ಅಲ್ಲಿಗೆ ತಲುಪುವಷ್ಟರಲ್ಲಿ ಅರ್ಧ ಜನ ಪುಸ್ತಕ ಮುಚ್ಚಿರುತ್ತಾರೆ. ನಿಮಗೆ ನನ್ನ ಸಲಹೆ ಇಷ್ಟೇ: ಇನ್ನು ಮುಂದೆ ಪುಸ್ತಕವನ್ನು ಕ್ರಮವಾಗಿ ಓದಬೇಡಿ. ನಿಮ್ಮ ಆ ಎರಡು ಕೆಲಸಗಳನ್ನೇ ಹಿಡಿದುಕೊಂಡು, ಅವಕ್ಕೆ ಏನು ಬೇಕೋ ಆ ಪುಟಕ್ಕೆ ಹೋಗಿ.

ಮೊದಲು ಸ್ಪೇಸ್ ಕೆಲಸ ನೋಡೋಣ. ಮ್ಯಾಕ್ರೋ ರೆಕಾರ್ಡರ್ ಆನ್ ಮಾಡಿ, ಫೈಂಡ್ ಅಂಡ್ ರಿಪ್ಲೇಸ್‌ನಲ್ಲಿ ಎರಡು ಸ್ಪೇಸ್ ಹುಡುಕಿ ಒಂದು ಸ್ಪೇಸ್ ಹಾಕಿಸಿ, ರೆಕಾರ್ಡರ್ ನಿಲ್ಲಿಸಿ. ಆಮೇಲೆ ಆಲ್ಟ್ ಜೊತೆ ಎಫ್11 ಒತ್ತಿದರೆ ಎಡಿಟರ್ ತೆರೆಯುತ್ತದೆ, ನೀವು ಮಾಡಿದ ಕೆಲಸ ಅಲ್ಲಿ ಕೋಡ್ ಆಗಿ ಕೂತಿರುತ್ತದೆ. ಒಂದು ಸಣ್ಣ ಬದಲಾವಣೆಗೆ ಇಷ್ಟೊಂದು ಸಾಲಾ ಅನ್ನಿಸುತ್ತದೆ. ಗಾಬರಿ ಬೇಡ, ಫೈಂಡ್ ಬಾಕ್ಸಿನಲ್ಲಿರುವ ಪ್ರತಿಯೊಂದು ಆಯ್ಕೆಯನ್ನೂ ರೆಕಾರ್ಡರ್ ಒಂದೊಂದು ಸಾಲು ಮಾಡಿ ಬರೆದಿದೆ, ಅಷ್ಟೆ. ಅದನ್ನು ಪುಸ್ತಕದ ಪಕ್ಕ ಇಟ್ಟುಕೊಂಡು ಒಂದೊಂದೇ ಸಾಲು ಓದಿ. ಯಾವ ಯಾವ ಸಾಲು ಇಲ್ಲದೆಯೂ ಕೆಲಸ ನಡೆಯುತ್ತದೆ ಅಂತ ಒಂದೊಂದಾಗಿ ತೆಗೆದು ನೋಡಿ. ಒಂದು ಸಾಲನ್ನು ಮಾತ್ರ ತೆಗೆಯಬೇಡಿ, ಮ್ಯಾಚ್ ವೈಲ್ಡ್‌ಕಾರ್ಡ್ಸ್ ಫಾಲ್ಸ್ ಅನ್ನುವುದು (ಕೆಲವು ಚಿಹ್ನೆಗಳಿಗೆ ವಿಶೇಷ ಅರ್ಥ ಕೊಟ್ಟು ಹುಡುಕುವ ಆಯ್ಕೆ ಬೇಡ ಅಂತ ಅರ್ಥ). ಯಾಕಂದರೆ ಹಿಂದಿನ ಹುಡುಕಾಟದಲ್ಲಿ ಆ ಗುರುತು ಹಾಕಿದ್ದರೆ ಅದು ಹಾಗೇ ಉಳಿದುಕೊಂಡು, ಮುಂದೆ ಬೇರೆ ಪಠ್ಯ ಹುಡುಕುವಾಗ ನಿಮ್ಮ ಮ್ಯಾಕ್ರೋ ಒಂದು ದಿನ ಓಡಿ ಇನ್ನೊಂದು ದಿನ ಓಡದೆ ಕಾಡಬಹುದು.

ಈಗ ಒಂದು ಕಡೆ ನಾಲ್ಕು ಸ್ಪೇಸ್ ಇದ್ದರೆ? ಒಂದು ಸಲ ಬದಲಿಸಿದಾಗ ಎರಡಾಗುತ್ತದೆ, ಇನ್ನೊಂದು ಸಲ ಮಾಡಬೇಕು. ರೆಕಾರ್ಡರ್ ಲೂಪನ್ನೂ ಬರೆಯುವುದಿಲ್ಲ, ಇಫ್ ಅನ್ನೂ ಬರೆಯುವುದಿಲ್ಲ. ನೀವು ಕಲಿತ ಲೂಪ್ ಕೆಲಸಕ್ಕೆ ಬರುವುದು ಇಲ್ಲೇ. ಎರಡು ಸ್ಪೇಸ್ ಸಿಗುತ್ತಿರುವಷ್ಟು ಹೊತ್ತೂ ಬದಲಿಸುತ್ತಾ ಹೋಗು ಅಂತ ರೆಕಾರ್ಡ್ ಆದ ಕೋಡಿನ ಸುತ್ತ ಒಂದು ಲೂಪ್ ಸುತ್ತಿ. ಇದು ನಿಮ್ಮ ಮೊದಲ ಸ್ವಂತ ಮ್ಯಾಕ್ರೋ.

ಖಾಲಿ ಪ್ಯಾರಾ ಕೆಲಸ ಸ್ವಲ್ಪ ಆಳದ್ದು, ಹಾಗಾಗಿ ಕಲಿಯುವುದೂ ಅದರಲ್ಲೇ ಜಾಸ್ತಿ. ಪ್ಯಾರಾದಲ್ಲಿ ಏನೂ ಇಲ್ಲದಿದ್ದರೆ ಅಳಿಸು ಅಂತ ಬರೆಯುತ್ತೀರಿ, ಒಂದೂ ಅಳಿಯುವುದಿಲ್ಲ. ಯಾಕೆ ಗೊತ್ತಾ? ವರ್ಡಿನ ಲೆಕ್ಕದಲ್ಲಿ ಎಂಟರ್ ಒತ್ತಿದಾಗ ಬೀಳುವ ಪ್ಯಾರಾ ಗುರುತೂ ಒಂದು ಅಕ್ಷರ, ಅದು ಆ ಪ್ಯಾರಾದ ಕೊನೆಯಲ್ಲೇ ಸೇರಿರುತ್ತದೆ. ನಿಮ್ಮ ಕಣ್ಣಿಗೆ ಖಾಲಿ ಕಾಣುವ ಪ್ಯಾರಾದ ಉದ್ದ ಸೊನ್ನೆ ಅಲ್ಲ, 1. ಉದ್ದ 1 ಇದ್ದರೆ ಅಳಿಸು ಅಂತ ಬದಲಿಸಿ, ಆಗ ಅಳಿಯುತ್ತದೆ. ಆದರೂ ಕೆಲವು ಖಾಲಿ ಪ್ಯಾರಾ ಉಳಿದುಬಿಡುತ್ತವೆ. ಐದನೆಯ ಪ್ಯಾರಾ ಅಳಿಸಿದ ಕೂಡಲೇ ಆರನೆಯದು ಐದನೆಯದಾಗುತ್ತದೆ, ಲೂಪ್ ಮಾತ್ರ ಆರಕ್ಕೆ ಹೋಗಿಬಿಟ್ಟಿರುತ್ತದೆ, ನಡುವೆ ಒಂದು ತಪ್ಪಿಹೋಯಿತು ಅಲ್ವಾ? ಅದಕ್ಕೇ ಅಳಿಸುವ ಲೂಪನ್ನು ಯಾವಾಗಲೂ ಕೊನೆಯ ಪ್ಯಾರಾದಿಂದ ಶುರುಮಾಡಿ ಮೇಲಕ್ಕೆ ಬರಬೇಕು, ಸ್ಟೆಪ್ ಮೈನಸ್ 1. ಈ ಎರಡು ಸಂಗತಿ ಕೈಗೆ ಹತ್ತಿದವರಿಗೆ ವರ್ಡ್ ಮ್ಯಾಕ್ರೋದ ಅರ್ಧ ತೊಂದರೆಗಳು ತಾನಾಗಿ ಅರ್ಥವಾಗುತ್ತವೆ.

ಇದನ್ನೆಲ್ಲ ಕಣ್ಣಾರೆ ನೋಡುವುದಕ್ಕೆ ಒಂದು ಉಪಾಯ ಇದೆ. ವರ್ಡ್ ಕಿಟಕಿ ಒಂದು ಕಡೆ, ಎಡಿಟರ್ ಇನ್ನೊಂದು ಕಡೆ ಇಟ್ಟು ಎಫ್8 ಒತ್ತುತ್ತಾ ಹೋಗಿ. ಒಂದು ಸಲ ಒತ್ತಿದರೆ ಒಂದು ಸಾಲು ಓಡುತ್ತದೆ. ಯಾವ ಸಾಲಿಗೆ ಡಾಕ್ಯುಮೆಂಟಿನಲ್ಲಿ ಏನಾಯಿತು ಅಂತ ಆಗಿಂದಾಗಲೇ ಕಾಣುತ್ತದೆ. ಯಾವ ಪುಸ್ತಕವೂ ಇದನ್ನು ಇಷ್ಟು ಚೆನ್ನಾಗಿ ತೋರಿಸಲಾರದು. ಪ್ರಯೋಗವನ್ನು ಫೈಲಿನ ಕಾಪಿ ಮೇಲೆ ಮಾಡಿ, ಮೂಲ ಫೈಲಿನ ಮೇಲೆ ಬೇಡವೇ ಬೇಡ.

ಪ್ರಶ್ನೆ: ನನ್ನ ಹತ್ತಿರ ಇರುವುದು ವರ್ಡ್ 2003ರ ಕಾಲದ ಪುಸ್ತಕ. ಇದನ್ನು ಇಟ್ಟುಕೊಳ್ಳಲಾ, ಹೊಸದು ಕೊಳ್ಳಲಾ?

ಉತ್ತರ: ಇಟ್ಟುಕೊಳ್ಳಿ. ವರ್ಡ್ 97ರಲ್ಲಿ ವಿಬಿಎ ಬಂತು, ಅದರ ಬುಡ ಇವತ್ತಿಗೂ ಅದೇ. ಅದಕ್ಕೂ ಹಳೆಯ, ವರ್ಡ್‌ಬೇಸಿಕ್ ಕಲಿಸುವ ಪುಸ್ತಕವಾಗಿದ್ದರೆ ಬೇಡ ಅನ್ನುತ್ತಿದ್ದೆ. 2007ರಲ್ಲಿ ಮೆನು ಹೋಗಿ ರಿಬ್ಬನ್ ಬಂದದ್ದರಿಂದ ಯಾವ ಮೆನುವಿಗೆ ಹೋಗಬೇಕು ಅನ್ನುವ ಮಾತುಗಳು ನಿಮ್ಮ ಪುಸ್ತಕದಲ್ಲಿ ಹೊಂದುವುದಿಲ್ಲ. ಮ್ಯಾಕ್ರೋ ಬಟನ್ ಈಗ ವ್ಯೂ ಟ್ಯಾಬಿನಲ್ಲಿದೆ. ಫೋಲ್ಡರಿನ ಫೈಲುಗಳನ್ನು ಹುಡುಕಲು ಫೈಲ್‌ಸರ್ಚ್ ಅಂತ ಒಂದು ಸೌಲಭ್ಯ ಹೇಳಿಕೊಟ್ಟಿದ್ದರೆ ಅದನ್ನೂ ಆಗಲೇ ತೆಗೆದುಹಾಕಿದ್ದಾರೆ, ಅದರ ಬದಲು ಡಿರ್ ಅನ್ನುವ ಫಂಕ್ಷನ್ ಬಳಸಿ.

ಇನ್ನೊಂದು ವಿಷಯ ನಿಮ್ಮ ಪುಸ್ತಕದಲ್ಲಿ ಇರಲಾರದು. ಈಗಿನ ಮಾಮೂಲಿ ಡಾಕ್ಸ್ (.docx) ಫೈಲಿನಲ್ಲಿ ಮ್ಯಾಕ್ರೋ ಉಳಿಯುವುದೇ ಇಲ್ಲ. ಮ್ಯಾಕ್ರೋ ಇರುವ ಡಾಕ್ಯುಮೆಂಟನ್ನು ಡಾಕ್‌ಎಂ (.docm) ಆಗಿ, ಟೆಂಪ್ಲೇಟನ್ನು ಡಾಟ್‌ಎಂ (.dotm) ಆಗಿ ಸೇವ್ ಮಾಡಬೇಕು. ವರ್ಡ್ ಎಚ್ಚರಿಕೆ ಕೊಡುತ್ತದೆ, ನಾವು ಓದದೆ ಮುಂದೆ ಹೋಗುತ್ತೇವೆ, ಸಂಜೆಯ ಕೆಲಸ ಬೆಳಗ್ಗೆ ಇರುವುದಿಲ್ಲ. ಎಲ್ಲ ಫೈಲಿಗೂ ಬೇಕಾದ ಮ್ಯಾಕ್ರೋಗಳನ್ನು ನಾರ್ಮಲ್ ಟೆಂಪ್ಲೇಟಿನಲ್ಲಿ ಇಡಿ, ಆಗಾಗ ಎಡಿಟರಿನಿಂದ ಎಕ್ಸ್‌ಪೋರ್ಟ್ ಮಾಡಿ ಬೇರೆ ಕಡೆ ಒಂದು ಪ್ರತಿ ಇಟ್ಟುಕೊಳ್ಳಿ.

ಪ್ರಶ್ನೆ: ಎಡಿಟರಿನಲ್ಲಿ ಕನ್ನಡ ಪದ ಟೈಪ್ ಮಾಡಿದರೆ ಬರೀ ಪ್ರಶ್ನೆ ಚಿಹ್ನೆಗಳು ಬರುತ್ತವೆ. ಪುಸ್ತಕದಲ್ಲಿ ಇದರ ಬಗ್ಗೆ ಒಂದು ಸಾಲೂ ಇಲ್ಲ. ಕನ್ನಡ ಪಠ್ಯಕ್ಕೆ ಮ್ಯಾಕ್ರೋ ಆಗುವುದೇ ಇಲ್ವಾ?

ಉತ್ತರ: ಖಂಡಿತ ಆಗುತ್ತದೆ. ನಿಮ್ಮ ಡಾಕ್ಯುಮೆಂಟ್ ಯುನಿಕೋಡ್ (ಎಲ್ಲ ಭಾಷೆಯ ಅಕ್ಷರಕ್ಕೂ ಒಂದೊಂದು ಸಂಖ್ಯೆ ಇಟ್ಟ ಪದ್ಧತಿ), ಮ್ಯಾಕ್ರೋ ಓಡುವಾಗಲೂ ಯುನಿಕೋಡ್ ಪಠ್ಯವನ್ನು ಸರಿಯಾಗಿ ಹಿಡಿಯುತ್ತದೆ. ಕೋಡ್ ಬರೆಯುವ ಆ ಎಡಿಟರ್ ಮಾತ್ರ ಹಳೆಯ ಕಾಲದ್ದು, ಅದಕ್ಕೆ ಕನ್ನಡ ಅಕ್ಷರ ಬರೆದಿಟ್ಟುಕೊಳ್ಳಲು ಬರುವುದಿಲ್ಲ. ಅಕ್ಷರದ ಬದಲು ಅದರ ಸಂಖ್ಯೆ ಕೊಡುವುದು ಒಂದು ದಾರಿ. ಸಿಎಚ್‌ಆರ್‌ಡಬ್ಲ್ಯೂ ಅನ್ನುವ ಫಂಕ್ಷನ್ನಿಗೆ 3205 ಕೊಟ್ಟರೆ ಅ, 3221 ಕೊಟ್ಟರೆ ಕ. ಒಂದೆರಡು ಅಕ್ಷರಕ್ಕೆ ಇದು ಸಾಕು, ಪೂರ್ತಿ ಪದಗಳಿಗೆ ಕಷ್ಟ.

ನಾನು ಹೇಳುವ ದಾರಿ ಬೇರೆ. ಇನ್ನೊಂದು ವರ್ಡ್ ಫೈಲಿನಲ್ಲಿ ಎರಡು ಕಾಲಮ್ಮಿನ ಟೇಬಲ್ ಮಾಡಿ. ಎಡಕ್ಕೆ ತಪ್ಪು ಪದ, ಬಲಕ್ಕೆ ಸರಿ ಪದ. ಮ್ಯಾಕ್ರೋ ಆ ಟೇಬಲ್ಲನ್ನು ಸಾಲುಸಾಲಾಗಿ ಓದಿ, ನಿಮ್ಮ ಡಾಕ್ಯುಮೆಂಟಿನಲ್ಲಿ ಹುಡುಕಿ ಬದಲಿಸಲಿ. ಕೋಡಿನಲ್ಲಿ ಒಂದೂ ಕನ್ನಡ ಅಕ್ಷರ ಬೇಕಾಗುವುದಿಲ್ಲ, ಮುಂದೆ ಹೊಸ ಪದ ಸೇರಿಸಬೇಕಾದಾಗ ಕೋಡ್ ಮುಟ್ಟುವ ಹಾಗೂ ಇಲ್ಲ, ಮ್ಯಾಕ್ರೋ ಗೊತ್ತಿಲ್ಲದವರು ಕೂಡ ಪಟ್ಟಿ ಬೆಳೆಸಬಹುದು. ಒಂದು ಎಚ್ಚರ: ಟೇಬಲ್ಲಿನ ಪ್ರತಿ ಮನೆಯ ಪಠ್ಯದ ಕೊನೆಗೆ ವರ್ಡ್ ತನ್ನದೇ ಎರಡು ಗುರುತು ಸೇರಿಸಿಕೊಂಡಿರುತ್ತದೆ. ಆ ಕೊನೆಯ ಎರಡು ಅಕ್ಷರ ಕತ್ತರಿಸದೆ ಹುಡುಕಿದರೆ ಯಾವ ಪದವೂ ಸಿಗುವುದಿಲ್ಲ.

ಪ್ರಶ್ನೆ: ಮ್ಯಾಕ್ರೋ ಅಂದರೆ ವೈರಸ್, ಮುಟ್ಟಬೇಡಿ ಅಂತ ಕಚೇರಿಯಲ್ಲಿ ಹೇಳುತ್ತಾರೆ. ನಿಜಾನಾ?

ಉತ್ತರ: ಅವರ ಭಯಕ್ಕೆ ಕಾರಣ ಇದೆ. 1995ರಲ್ಲೇ ಕಾನ್ಸೆಪ್ಟ್ ಅನ್ನುವ ವರ್ಡ್ ಮ್ಯಾಕ್ರೋ ವೈರಸ್ ಹರಡಿತ್ತು. 1999ರ ಮೆಲಿಸ್ಸಾ, ತೆರೆದವರ ವಿಳಾಸ ಪಟ್ಟಿಯ ಮೊದಲ 50 ಮಂದಿಗೆ ತಾನೇ ಮೇಲ್ ಕಳಿಸಿಕೊಳ್ಳುತ್ತಿತ್ತು. 2022ರಿಂದ ಮೈಕ್ರೋಸಾಫ್ಟ್, ಇಂಟರ್‌ನೆಟ್ಟಿನಿಂದ ಬಂದ ಫೈಲುಗಳ ಮ್ಯಾಕ್ರೋವನ್ನು ತಾನಾಗಿಯೇ ತಡೆಯುತ್ತಿದೆ. ನೀವೇ ಬರೆದು ನಿಮ್ಮ ಕಂಪ್ಯೂಟರಿನಲ್ಲೇ ಇಟ್ಟುಕೊಂಡ ಮ್ಯಾಕ್ರೋ ಬೇರೆ ಮಾತು. ಕಲಿಯುವ ಅವಸರದಲ್ಲಿ ಎಲ್ಲ ಮ್ಯಾಕ್ರೋಗಳಿಗೂ ಅನುಮತಿ ಕೊಡುವ ಸೆಟ್ಟಿಂಗ್ ಮಾತ್ರ ಹಾಕಬೇಡಿ. ಕಚೇರಿಯ ಕಂಪ್ಯೂಟರ್ ಆದರೆ ಅದನ್ನು ನೋಡಿಕೊಳ್ಳುವವರನ್ನು ಕೇಳಿಯೇ ಶುರುಮಾಡಿ.

ಪ್ರಶ್ನೆ: ಎಐಗೆ ಕೇಳಿದರೆ ಮ್ಯಾಕ್ರೋ ಬರೆದು ಕೊಡುತ್ತದೆ. ಇನ್ನು ಪುಸ್ತಕ ಯಾಕೆ?

ಉತ್ತರ: ಕೇಳಿ, ತಪ್ಪಿಲ್ಲ. ಆದರೆ ಅದು ಕೊಟ್ಟದ್ದನ್ನು ಓದಲು ಬಾರದಿದ್ದರೆ ನಿಮ್ಮ ಡಾಕ್ಯುಮೆಂಟಿಗೆ ಏನಾಗುತ್ತಿದೆ ಅಂತ ನಿಮಗೇ ಗೊತ್ತಿರುವುದಿಲ್ಲ. ನೂರಾರು ಪುಟದ ಫೈಲಿನಲ್ಲಿ ಸುಮ್ನೆ ಎಲ್ಲೋ ಮೂರು ಪ್ಯಾರಾ ಅಳಿದುಹೋದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಕೆಲವೊಮ್ಮೆ ವರ್ಡಿನಲ್ಲಿ ಇಲ್ಲವೇ ಇಲ್ಲದ ಹೆಸರುಗಳನ್ನೂ ಅದು ಬರೆದಿರುತ್ತದೆ. ಎಡಿಟರಿನಲ್ಲಿ ಎಫ್2 ಒತ್ತಿ, ಆಬ್ಜೆಕ್ಟ್ ಬ್ರೌಸರಿನಲ್ಲಿ ಆ ಹೆಸರು ಇದೆಯಾ ಅಂತ ಹುಡುಕಿ. ಕೋಡಿನ ಎಲ್ಲಕ್ಕಿಂತ ಮೇಲೆ ಆಪ್ಷನ್ ಎಕ್ಸ್‌ಪ್ಲಿಸಿಟ್ ಅಂತ ಇರಲಿ, ವೇರಿಯಬಲ್ ಹೆಸರಿನ ತಪ್ಪುಗಳು ಓಡುವ ಮೊದಲೇ ಸಿಕ್ಕಿಬೀಳುತ್ತವೆ.

ಪ್ರಶ್ನೆ: ನಾನು ಬಳಸುವುದು ಲಿಬ್ರೆ ಆಫೀಸ್. ವರ್ಡ್ ಮ್ಯಾಕ್ರೋ ಪುಸ್ತಕ ನನಗೆ ಉಪಯೋಗವಾ?

ಉತ್ತರ: ಭಾಷೆಯ ಅಧ್ಯಾಯಗಳು ಬಹುಪಾಲು ಉಪಯೋಗ, ಡಾಕ್ಯುಮೆಂಟಿನ ಅಧ್ಯಾಯಗಳು ಇಲ್ಲ. ಲಿಬ್ರೆ ಆಫೀಸಿನ ಬೇಸಿಕ್‌ನಲ್ಲೂ ಇಫ್, ಫಾರ್, ಡಿಮ್ ಹೀಗೇ ಇವೆ. ಆದರೆ ತೆರೆದಿರುವ ಡಾಕ್ಯುಮೆಂಟಿಗೆ ವರ್ಡ್ ಕೊಟ್ಟ ಹೆಸರಾದ ಆಕ್ಟಿವ್‌ಡಾಕ್ಯುಮೆಂಟ್ ಜಾಗದಲ್ಲಿ ದಿಸ್‌ಕಾಂಪೊನೆಂಟ್ ಬರುತ್ತದೆ, ಪ್ಯಾರಾಗಳನ್ನು ಒಂದೊಂದಾಗಿ ಹಿಡಿಯುವ ರೀತಿಯೇ ಬೇರೆ. ಮೇಲೆ ಹೇಳಿದ ಖಾಲಿ ಪ್ಯಾರಾದ ಉದ್ದ ಇಲ್ಲಿ ಸೊನ್ನೆಯೇ, ಯಾಕಂದರೆ ಪ್ಯಾರಾ ಗುರುತು ಪಠ್ಯದಲ್ಲಿ ಸೇರುವುದಿಲ್ಲ. ರೆಕಾರ್ಡರ್ ಇದೆ, ಆಪ್ಷನ್ಸ್‌ನ ಅಡ್ವಾನ್ಸ್ಡ್ ಪುಟದಲ್ಲಿ ಆನ್ ಮಾಡಿಕೊಳ್ಳಬೇಕು. ಆದರೆ ಅದು ಬರೆಯುವ ಕೋಡ್ ನೋಡಿ ಕಲಿಯುವುದು ಕಷ್ಟ, ಮೆನುವಿನ ಆಜ್ಞೆಗಳನ್ನು ಒಂದರ ಹಿಂದೆ ಒಂದು ಕಳಿಸುತ್ತದೆ ಅಷ್ಟೆ. ಪೈಥಾನ್ ಮೊದಲೇ ಬರುತ್ತಿದ್ದರೆ ಅದರಲ್ಲೇ ಬರೆಯಿರಿ, ಲಿಬ್ರೆ ಆಫೀಸ್ ಅದಕ್ಕೂ ಒಪ್ಪುತ್ತದೆ. ಇಲ್ಲದಿದ್ದರೆ ಲಿಬ್ರೆ ಆಫೀಸಿಗೆಂದೇ ಬರೆದ ಮ್ಯಾಕ್ರೋ ಪುಸ್ತಕ ಹುಡುಕಿಕೊಂಡು ಶುರುಮಾಡಿ.